ನಾನು ಅಳಿಸಿದ ಒಂಬತ್ತು ಮಕ್ಕಳು

2009ರ ನನ್ನ ದಿನಚರಿಯಲ್ಲಿ ಫೆಬ್ರವರಿ ಒಂಬತ್ತರಿಂದ ಮೇ ಕೊನೆಯವರೆಗೆ ಪ್ರತಿ ಪುಟದ ತಲೆಯಲ್ಲಿ ಎರಡು ಅಂಕಿಗಳಿವೆ. ಮೊದಲನೆಯದು ಅಂದು ನಾನು ಕೆಲಸಕ್ಕೆ ಹಾಕಿದ ಅರ್ಜಿಗಳು. ಎರಡನೆಯದು ಅಂದು ಕಂಪ್ಯೂಟರಿಗೆ ಏರಿಸಿದ ಇಟಲಿಯವರು. ಮೊದಲ ಅಂಕಿ ಹನ್ನೊಂದರಿಂದ ಶುರುವಾಗಿ ಎರಡಕ್ಕೆ, ಒಂದಕ್ಕೆ ಇಳಿಯುತ್ತದೆ. ಎರಡನೆಯದು ಏಪ್ರಿಲ್‌ವರೆಗೂ ಮೂರರ ಕೆಳಗೆ ಹೋಗುವುದಿಲ್ಲ.

ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡ್‌ನಲ್ಲಿ ಕಾರಿನ ಬಿಡಿಭಾಗ ಮಾರುವ ಕಂಪನಿಯೊಂದರಲ್ಲಿ ಗ್ರಾಹಕರ ಪಟ್ಟಿಯನ್ನು ಶುದ್ಧವಾಗಿಡುವುದು ನನ್ನ ಕೆಲಸವಾಗಿತ್ತು. ಒಬ್ಬನೇ ಗ್ರಾಹಕ ಎರಡು ಸಲ ನಮೂದಾಗಿದ್ದರೆ ಒಂದನ್ನು ತೆಗೆಯಬೇಕು. ಜನವರಿಯಲ್ಲಿ ನಮ್ಮ ಮಹಡಿಯಲ್ಲಿ ಮೂವತ್ತೊಂದು ಜನರನ್ನು ತೆಗೆದರು. ನಾನು ಅವರಲ್ಲಿ ಒಬ್ಬಳು. ಅಪ್ಪ ಅಮ್ಮ ಟೆಕ್ಸಾಸಿನಲ್ಲಿದ್ದರು. ಅವರ ಕಣ್ಣೆದುರು ಸುಮ್ಮನೆ ಕೂತಿರಲು ಮನಸ್ಸಾಗಲಿಲ್ಲ. ಮೂರು ಪೆಟ್ಟಿಗೆ ಕಾರಿಗೆ ತುಂಬಿಕೊಂಡು ಶಿಕಾಗೋ ಬಳಿಯ ಸ್ಕೋಕಿಯಲ್ಲಿದ್ದ ಸೋದರತ್ತೆಯ ಮನೆಗೆ ಡ್ರೈವ್ ಮಾಡಿದೆ. ಹನ್ನೆರಡನೇ ವಯಸ್ಸಿಗೆ ಮೈಸೂರಿನಿಂದ ಬಂದು ಇಲ್ಲೇ ಬೆಳೆದವಳಾದ್ದರಿಂದ ವೀಸಾದ ಭಯ ಇರಲಿಲ್ಲ. ಬೇರೆ ಯಾವ ಭಾವನೆಯೂ ಇದ್ದಂತೆ ನೆನಪಿಲ್ಲ.

ಎರಡು ವಾರ ನೋಡಿ ಅತ್ತೆ ಹೇಳಿದರು:

"ಪಕ್ಕದ್ಮನೆ ಅಜ್ಜಿಗೆ ಟೈಪ್ ಮಾಡೋರು ಬೇಕಂತೆ. ಹೋಗು. ಇಲ್ಲೇ ಕೂತು ನನ್ ಸೋಫಾ ಹಳ್ಳ ಮಾಡ್ಬೇಡ."

"ಏನು ಟೈಪ್ ಮಾಡ್ಬೇಕು ಅತ್ತೆ?"

"ಅವರ ವಂಶಾವಳಿ. ಅವರಮ್ಮ ಇಟಲೀಲಿ ದೊಡ್ಡ ಜಮೀನ್ದಾರರ ಮನೆತನದೋರಂತೆ. ಇಪ್ಪತ್ತು ವರ್ಷದಿಂದ ನಾನೊಬ್ಳೇ ಕೇಳ್ತಿದೀನಿ. ನೀನೂ ಸ್ವಲ್ಪ ಕೇಳು."

ಅಜ್ಜಿಗೆ ಎಂಬತ್ತಮೂರು. ಎದುರಿಗೆ ನಾನು ಅವರನ್ನು ಮಿಸೆಸ್ ಎಂದು ಕರೆಯುತ್ತಿದ್ದೆ, ದಿನಚರಿಯಲ್ಲಿ ಅಜ್ಜಿ. ನಾವಾಡಿದ್ದೆಲ್ಲ ಇಂಗ್ಲಿಷ್, ಬರೆದಿಟ್ಟುಕೊಂಡದ್ದು ಕನ್ನಡದಲ್ಲಿ.

ಅವರು ಹೇಳಿದ ಕತೆ ಇದು. ಉತ್ತರ ಇಟಲಿಯ ಬಯಲಿನಲ್ಲಿ ಮಠವೊಂದರ ಜೌಗು ನೆಲವನ್ನು ಕೊಂಡ ಮೂಲಪುರುಷ ಕಾಲುವೆ ತೋಡಿಸಿ ಬತ್ತ ಬೆಳೆದ. ಇಟಲಿಯಲ್ಲಿ ಬತ್ತ ಬೆಳೆಯುತ್ತಾರೆಂದು ನನಗೆ ಗೊತ್ತಾದದ್ದು ಆಗಲೇ. ಅವನ ಮೊಮ್ಮಗನಿಗೆ ರಾಜನಿಂದ ಬಿರುದು ಬಂತು. ನಾಲ್ಕು ತಲೆಮಾರು ಜಮೀನು ಬೆಳೆಯಿತು, ಮೂರು ತಲೆಮಾರಿನಲ್ಲಿ ಕರಗಿತು. ಒಬ್ಬ ಕುದುರೆಗಳಿಗಾಗಿ ಮಾರಿದ. ಒಬ್ಬ ವಿಧವೆ ಚರ್ಚಿಗೆ ಬರೆದುಕೊಟ್ಟಳು. ಉಳಿದದ್ದನ್ನು ಅಣ್ಣತಮ್ಮಂದಿರು ಹಂಚಿಕೊಂಡರು. ಕಿರಿಯ ತಮ್ಮನ ಮಗಳು ಕಾಲುವೆಯ ತೂಬು ಕಾಯುವವನನ್ನು ಮದುವೆಯಾಗಿ ಡೆಟ್ರಾಯಿಟ್‌ಗೆ ಬಂದಳು. ಅವಳೇ ಅಜ್ಜಿಯ ತಾಯಿ. ಇಪ್ಪತ್ತಾರು ವರ್ಷ ಕಾರ್ಖಾನೆಯಲ್ಲಿ ಕಾರಿನ ಸೀಟು ಹೊಲಿದಳು. ತಾನು ಯಾರ ಮಗಳೆಂದು ಒಮ್ಮೆ ಬಾಯಿ ಬಿಟ್ಟದ್ದಕ್ಕೆ ಜೊತೆಯವರು ಕೊನೆಯವರೆಗೂ, "ದೊರೆಸಾನಿ, ದಾರ ಮುಗೀತಾ?" ಎಂದು ಕೇಳುತ್ತಿದ್ದರಂತೆ. ಸಂಬಂಧಿಕರೂ ನಂಬಲಿಲ್ಲ.

ಈಗ ಆ ಮನೆತನದ ಹಿರಿಯ ಶಾಖೆಯವರೊಬ್ಬರು, ನಿವೃತ್ತ ವಕೀಲರು, ವಂಶದ ಚರಿತ್ರೆಯನ್ನು ಪುಸ್ತಕವಾಗಿ ತರುತ್ತಿದ್ದರು. ದಾಖಲೆಗಳ ಪ್ರಕಾರ ವಂಶಾವಳಿ ಸಿದ್ಧಪಡಿಸಿ ಏಪ್ರಿಲ್ ಮುಗಿಯುವುದರೊಳಗೆ ಕಳಿಸಿದರೆ, ಪರಿಶೀಲಿಸಿ ಅಜ್ಜಿಯ ತಾಯಿಯನ್ನು ಸೇರಿಸುವುದಾಗಿ ಬರೆದಿದ್ದರು. ಅಜ್ಜಿಗೆ ಬೇಕಿದ್ದುದು ಅಷ್ಟೇ. ತಾಯಿಯ ಹೆಸರು ಆ ಪುಸ್ತಕದಲ್ಲಿ ಇರಬೇಕು.

ದಿನಾ ಬೆಳಿಗ್ಗೆ ಹತ್ತರಿಂದ ಹನ್ನೆರಡು. ಚರ್ಚಿನ ನಾಮಕರಣದ ಪುಸ್ತಕಗಳ ಜೆರಾಕ್ಸ್ ಅರವತ್ತನಾಲ್ಕು ಹಾಳೆ ಇದ್ದವು. ಅಜ್ಜಿ ಭೂತಗನ್ನಡಿ ಹಿಡಿದು ಓದಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ನಡುವೆ ತಾವು ಬೆಳೆದ ಡೆಟ್ರಾಯಿಟ್ ವಿಚಾರ ಕೇಳುವರು.

"ನಮ್ಮ ಬೀದಿ ಮೂಲೇಲಿ ಒಂದು ಬೇಕರಿ ಇತ್ತು."

"ಮುಚ್ಚಿದೆ."

"ಅದರ ಪಕ್ಕ ಚಪ್ಪಲಿ ಅಂಗಡಿ?"

"ಅದೂ ಮುಚ್ಚಿದೆ."

"ಸರಿ, ಮುಂದಿನ ಮಗು ಬರ್ಕೋ."

ಯುಗಾದಿಗೆ ಅತ್ತೆಯ ಜೊತೆ ಲೆಮಾಂಟ್‌ನ ದೇವಸ್ಥಾನಕ್ಕೆ ಹೋದೆ. ಅರ್ಚಕರು ಗೋತ್ರ ಕೇಳಿದರು, ಹೇಳಿದೆ. ಒಬ್ಬ ಋಷಿಯ ಸಂತತಿ ಎಂದು ಆ ಕ್ಷಣವೇ ಒಪ್ಪಿಕೊಂಡು ಮಂಗಳಾರತಿ ತಟ್ಟೆ ಮುಂದೆ ಹಿಡಿದರು. ಅಜ್ಜಿಗೆ ಅರವತ್ತನಾಲ್ಕು ಹಾಳೆ ಬೇಕಾಗಿತ್ತು.

ಏಪ್ರಿಲ್ ಎರಡನೇ ವಾರ ನಮೂದು ಮುಗಿಯಿತು: 221 ಜನ. ಪಟ್ಟಿಯನ್ನು ಶುದ್ಧ ಮಾಡಲು ಕೂತೆ. ಒಂಬತ್ತು ಕಡೆ ಒಂದೇ ತಂದೆ, ಒಂದೇ ತಾಯಿ, ಒಂದೇ ಹೆಸರಿನ ಇಬ್ಬರು ಮಕ್ಕಳಿದ್ದರು, ಎರಡೋ ಮೂರೋ ವರ್ಷದ ಅಂತರದಲ್ಲಿ. ಪಾದ್ರಿ ತಪ್ಪಿ ಎರಡು ಸಲ ಬರೆದಿದ್ದಾನೆ ಎಂದುಕೊಂಡೆ. ಒಂದೇ ಮನೆಯ ಇಬ್ಬರು ಮಕ್ಕಳಿಗೆ ಒಂದೇ ಹೆಸರಿಟ್ಟವರನ್ನು ನಾನು ಕಂಡಿರಲಿಲ್ಲ. ಮೊದಲನೆಯ ನಮೂದನ್ನು ಉಳಿಸಿ ಎರಡನೆಯದನ್ನು ತೆಗೆದೆ. ಆಫೀಸಿನಲ್ಲಿ ನಮ್ಮ ನಿಯಮ ಅದೇ ಆಗಿತ್ತು. 212 ಉಳಿಯಿತು. ಅಜ್ಜಿಯ ತಾಯಿಯ ಹೆಸರೂ ಆ ಒಂಬತ್ತರಲ್ಲಿ ಒಂದು. ಅಜ್ಜಿಗೆ ಇದನ್ನು ಹೇಳಲಿಲ್ಲ. ಆಫೀಸಿನಲ್ಲೂ ಇಂಥದ್ದನ್ನು ಯಾರಿಗೂ ಹೇಳುತ್ತಿರಲಿಲ್ಲ. ಪಟ್ಟಿಯ ಪ್ರಿಂಟ್ ತೆಗೆದ ಮೇಲೆ ತಾಯಿಯ ಸಾಲನ್ನು ಅವರಿಗೆ ಓದಿ ಹೇಳಿದೆ. ಹುಟ್ಟಿದ ವರ್ಷವನ್ನು ಅವರು ಪ್ರಶ್ನಿಸಲಿಲ್ಲ. ಆ ತಾಯಿ ಎಂದೂ ತನ್ನ ವಯಸ್ಸು ಹೇಳಿದವಳಲ್ಲವಂತೆ. ಏಪ್ರಿಲ್ ಮುಗಿಯುವ ಮೊದಲೇ ವಕೀಲರಿಗೆ ಕಳಿಸಿದೆ.

ಮೇ ಹತ್ತೊಂಬತ್ತರಂದು ಇಟಲಿಯಿಂದ ಒಂದು ಹಾಳೆಯ ಉತ್ತರ ಬಂತು. ಅಜ್ಜಿ ನಿಧಾನವಾಗಿ ಅನುವಾದಿಸಿ ಓದಿದರು. ನೀವು ತೋರಿಸಿರುವ ಹುಡುಗಿ ಎರಡನೇ ವರ್ಷದಲ್ಲೇ ಜ್ವರದಿಂದ ತೀರಿಕೊಂಡಳು. ಅವಳ ಸಮಾಧಿ ನಮ್ಮ ತೋಟದ ಮನೆಯ ಪ್ರಾರ್ಥನಾ ಮಂದಿರದಲ್ಲಿದೆ. ಡೆಟ್ರಾಯಿಟ್‌ಗೆ ಬಂದಾಕೆ ಬೇರೆ ಯಾರೋ ಇರಬೇಕು. ಸೇರಿಸಲಾಗದ್ದಕ್ಕೆ ವಿಷಾದವಿದೆ.

"ಎರಡನೆಯವಳು ಎಲ್ಲಿ ಹೋದ್ಲು?" ಎಂದರು ಅಜ್ಜಿ. "ನಾನು ಓದಿ ಹೇಳಿದ್ನಲ್ಲ."

"ಎರಡನೆಯವಳು ಅಂದ್ರೆ?"

"ಮೊದಲನೇದು ಹೋಯ್ತು. ಆಮೇಲೆ ಹುಟ್ಟಿದ್ದಕ್ಕೆ ಅದೇ ಹೆಸರಿಟ್ರು. ನಮ್ಮೋರಲ್ಲಿ ಎಲ್ಲ ಮನೇಲೂ ಹಾಗೇ. ನಮ್ಮಣ್ಣನೂ ಎರಡನೆಯವನೇ."

ನಾನು ತೆಗೆದೆ ಎಂದೆ. ಇನ್ನೆಷ್ಟು ತೆಗೆದಿದ್ದೀಯ ಎಂದು ಕೇಳಿದರು. ಒಟ್ಟು ಒಂಬತ್ತು ಎಂದೆ.

ಅವರು ಕಾಗದವನ್ನು ಬಂದಿದ್ದ ಮಡಿಕೆಯಲ್ಲೇ ಮಡಿಸಿದರು. "ಬದುಕಿದೋರನ್ನ ತೆಗೆದು ಸತ್ತೋರನ್ನ ಇಟ್ಕೊಂಡಿದೀಯ," ಎಂದರು. ದನಿ ಏರಿರಲಿಲ್ಲ. ಬೈದಿದ್ದರೆ ಬರೆದುಕೊಳ್ಳಲು ಏನಾದರೂ ಇರುತ್ತಿತ್ತು. ಆ ದಿನದ ಪುಟದಲ್ಲಿ ಇರುವುದು ಇಷ್ಟೇ: ಅರ್ಜಿ ಒಂದು, ಇಟಲಿಯವರು ಒಂಬತ್ತು ಕಡಿಮೆ.

ಸಂಜೆ ಅತ್ತೆ ಹುಳಿಗೆ ಒಗ್ಗರಣೆ ಹಾಕುತ್ತಿದ್ದಾಗ ಹೇಳಿದೆ.

"ಸತ್ತ ಮಗು ಹೆಸರು ಇನ್ನೊಂದಕ್ಕಾ?" ಎಂದರು. "ನಮ್ಮ ಕಡೆ ಆದ್ರೆ ಮುಂದಿನ ಮಗೂನ ತಿಪ್ಪೆ ಮೇಲೆ ಉರುಳಿಸಿ ತಿಪ್ಪ ಅಂತ ಕರೀತಿದ್ರು. ಯಮ ಮೂಗು ಮುಚ್ಕೊಂಡು ವಾಪಸ್ ಹೋಗ್ಲಿ ಅಂತ."

"ನಂಗೆ ಗೊತ್ತಿರ್ಲಿಲ್ಲ."

"ಯಾವ್ದು? ತಿಪ್ಪೇದಾ, ಅವರದಾ?"

"ಎರಡೂ."

"ಕೇಳ್ಬೇಕಿತ್ತು ಕಣೇ. ಅವರು ಎದುರಿಗೇ ಕೂತಿದ್ರಲ್ಲ."

ಮರುದಿನ ಒಂಬತ್ತೂ ಮಕ್ಕಳನ್ನು ವಾಪಸ್ ಹಾಕಿದೆ. ತಪ್ಪು ನನ್ನದೆಂದು ಬರೆದು, ಎರಡನೆಯ ಹುಡುಗಿಯ ನಾಮಕರಣದ ಹಾಳೆಯನ್ನೂ ಸೇರಿಸಿ ಅಂದೇ ಕಳಿಸಿದೆ. ಜೂನ್ ಮೂರರಂದು ವಕೀಲರ ಇಮೇಲ್ ಬಂತು. ಈಗ ಅನುಮಾನ ಉಳಿದಿಲ್ಲ, ಆದರೆ ಇನ್ನೂರೈವತ್ತು ಪ್ರತಿಗಳೂ ಅಚ್ಚಾಗಿ ಬೈಂಡಿಂಗ್‌ಗೆ ಹೋಗಿವೆ. ಎರಡನೇ ಮುದ್ರಣ ಆದರೆ ಸೇರಿಸುತ್ತೇನೆ, ಆಗುವ ಸಂಭವ ಕಡಿಮೆ. ಅಜ್ಜಿಯ ಮನೆಯಲ್ಲಿ ಟೈಪ್ ಮಾಡುವುದೇನೂ ಉಳಿದಿರಲಿಲ್ಲ. ಆದರೂ ಹತ್ತಕ್ಕೆ ಹೋಗುತ್ತಿದ್ದೆ. ಅವರು ಕಾಫಿ ಕೊಡುತ್ತಿದ್ದರು.

ಆಗಸ್ಟ್ ಹದಿನಾಲ್ಕರಂದು ಪುಸ್ತಕ ಬಂತು. ಪುಟ ತಿರುವಿ ಕಿರಿಯ ತಮ್ಮನ ಶಾಖೆಯನ್ನು ಹುಡುಕಿದೆ. ಹುಡುಗಿಯ ಹೆಸರು, ಹುಟ್ಟು ಸಾವಿನ ಎರಡು ಇಸವಿಗಳು, ಒಂದು ಶಿಲುಬೆ. ಗೆರೆ ಅಲ್ಲಿಗೆ ನಿಂತಿತ್ತು.

"ಇಟಲೀಲಿ ಲೈಬ್ರರಿಗೆ ಹೋಗಿರೋ ಪ್ರತೀಲಿ ಅಮ್ಮ ಇಲ್ಲ," ಎಂದರು ಅಜ್ಜಿ.

"ಇಲ್ಲ."

"ಆ ವಕೀಲನ ಮಕ್ಕಳ ಮನೇಲಿರೋದ್ರಲ್ಲೂ ಇಲ್ಲ."

"ಇಲ್ಲ."

ಅವರು ಎದ್ದು ಹೋಗಿ ಒಂದು ಕಪ್ಪು ಪೆನ್ನು ತಂದರು. "ಇದರಲ್ಲಿ ನೀನೇ ಬರಿ. ದೊಡ್ಡದಾಗಿ ಬರಿ, ನಂಗೆ ಕಾಣ್ಬೇಕು."

ಸತ್ತ ಹುಡುಗಿಯ ಪಕ್ಕದಲ್ಲಿ ಒಂದು ಗೆರೆ ಎಳೆದು, ಅದೇ ಹೆಸರನ್ನು ಬರೆದೆ. ಹುಟ್ಟಿದ ದಿನ, ಮದುವೆ, ಡೆಟ್ರಾಯಿಟ್, ತೀರಿಕೊಂಡ ದಿನ. ಜಾಗ ಸಾಲದೆ ಕೊನೆಯ ಸಾಲು ಅಂಚಿಗೆ ಹೋಯಿತು. ಪುಸ್ತಕ ಮುಚ್ಚಲು ಹೋದೆ. ಮಸಿ ಇನ್ನೂ ಆರಿಲ್ಲ, ಹಾಗೇ ಬಿಡು ಎಂದರು. ಇಬ್ಬರೂ ಕೂತು ಕಾದೆವು.