ಮುಷ್ಟಿಯೊಳಗಿನ ಭಂಡಾರ

ಸೊಲ್ಲಾಪುರದ ನನ್ನ ಮೊದಲ ಬೆಳಗನ್ನು ನಾನು ನಡುಬೀದಿಯಲ್ಲಿ, ಪಟ್ಟೆ ಪೈಜಾಮದಲ್ಲಿ, ತಲೆಯ ಮೇಲೆ ಕಬ್ಬಿಣದ ಟ್ರಂಕು ಹೊತ್ತು ಕಳೆದೆ. ನಸುಕಿನಲ್ಲಿ ಆಕಾಶ ಸೀಳಿದ ಹಾಗೆ ಒಂದು ಕೂಗು ಎದ್ದಿತ್ತು. ಯುದ್ಧ ಮುಗಿದು ಆರೇಳು ವರ್ಷವಾಗಿತ್ತು, ನಿಜ. ಆದರೆ ನನಗೆ ತಿಳಿಸದೆ ಇನ್ನೊಂದು ಶುರುವಾಗಿದ್ದರೆ? ಓಡಿದೆ. ನಲ್ಲಿಯ ಹತ್ತಿರ ಕೊಡ ತುಂಬುತ್ತಿದ್ದ ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಯಣ್ಣಾ, ಎಲ್ಲಿಗಿ ಹೊಂಟಿ? ಗಿರಣಿ ಭೋಂಗಾ ಅದು! ಪಾಳಿ ಬದಲಾತು ಅಂತ ಒದರತೈತಿ. ದಿನಾ ಹಿಂಗ ಓಡಿದ್ರ ಟ್ರಂಕಿನ ತಳಾ ಹರದು ಹೋದೀತು."

ಬಟ್ಟೆ ಗಿರಣಿಯ ಸೈರನ್ನಿಗೆ ಇಲ್ಲಿ ಭೋಂಗಾ ಎನ್ನುತ್ತಾರೆ. ಇಡೀ ಊರು ಅದಕ್ಕೆ ಎದ್ದು, ಉಂಡು, ಮಲಗುತ್ತದೆ. ತುಮಕೂರಿನಲ್ಲಿ ನಮ್ಮನ್ನು ಎಬ್ಬಿಸಲು ಒಂದು ಹುಂಜ ಸಾಕಾಗಿತ್ತು.

ಆಗ ನನಗೆ ಇಪ್ಪತ್ಮೂರು. ಸುವಾರ್ತೆ ಸಾರಲು ನಮ್ಮ ಮಿಷನ್ನಿನವರು ಕಳಿಸಿದ್ದರು. ಆರು ವಾರ ಗಾಯಕ್ಕೆ ಪಟ್ಟಿ ಕಟ್ಟುವುದನ್ನೂ ಕಲಿಸಿದ್ದರು. "ಅಲ್ಲೂ ಕನ್ನಡವೇ, ಹೆದರಬೇಡ" ಎಂದಿದ್ದರು. ಮೈಸೂರು ಸಂಸ್ಥಾನ ದಾಟಿ ಮುಂಬಯಿ ಪ್ರಾಂತಕ್ಕೆ ಹೋಗುವುದೆಂದರೆ ಅಮ್ಮನ ಪಾಲಿಗೆ ಪರದೇಶವೇ. ನಾನು ಹಡಗು ಹತ್ತುತ್ತಿದ್ದೇನೇನೋ ಎಂಬಂತೆ ಅತ್ತಳು. ಹೋಟಗಿ ಸ್ಟೇಷನ್ನಿನಲ್ಲಿ ಇಳಿದು ಬೋರ್ಡುಗಳಲ್ಲೆಲ್ಲ ಮರಾಠಿ ಕಂಡಾಗ ಅಮ್ಮ ಹೇಳಿದ್ದೇ ಸರಿ ಎನಿಸಿತು.

ಒಂದು ತಿಂಗಳ ಮೇಲೆ ಅಕ್ಕಲಕೋಟೆಯಿಂದ ಬಸ್ಸು ಹತ್ತಿಸಿ ಮೈಂದರ್ಗಿಗೆ ಕಳಿಸಿದರು. ಪಾದ್ರಿಗೆ ಮನೆ ಕೊಡುವವರು ಯಾರು? ಕೊನೆಗೆ ಕಿರಾಣಿ ಅಂಗಡಿಯ ಗುರಪ್ಪ ಸಾವುಕಾರರು ತಮ್ಮ ಹಿಂದಿನ ಕೋಣೆ ಕೊಟ್ಟರು. ಮಾಂಸ ಬೇಯಿಸಬಾರದು, ಜೋರಾಗಿ ಹಾಡಬಾರದು ಎಂಬ ಎರಡೇ ಷರತ್ತು. ನನಗೆ ಅಡುಗೆ ಬರುತ್ತಿರಲಿಲ್ಲ, ರಾಗವಂತೂ ಮೊದಲೇ ಇರಲಿಲ್ಲ. ಹೀಗಾಗಿ ತಕರಾರೇ ಹುಟ್ಟಲಿಲ್ಲ. ನಮ್ಮಲ್ಲಿ ಹೆಂಚಿನ ಮನೆ. ಇಲ್ಲಿ ಮಣ್ಣಿನ ಮಾಳಿಗೆ, ಬೆಳಕಿಗೆಂದು ಅದರ ನಡುವೆ ಒಂದು ತೂತು. ಅದರಿಂದ ಹಾವು ಬೀಳಬಹುದೆಂದು ಮೂರು ವಾರ ಛತ್ರಿ ಬಿಚ್ಚಿಕೊಂಡು ಮಲಗಿದೆ. ಹಾವು ಬರಲಿಲ್ಲ, ಒಂದು ದಿನ ಸಾವುಕಾರರ ಬೆಕ್ಕು ಬಿತ್ತು. ಮುದ್ದೆ ನುಂಗಿ ಬೆಳೆದ ನನಗೆ ಒಣ ಜೋಳದ ರೊಟ್ಟಿ ಹಪ್ಪಳದ ಹಾಗೆ ಮುರಿಯುವುದು ಕಂಡು ಗಾಬರಿ. ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ, ಹಚ್ಚಿ ತಿನ್ನುವುದು ಕಲಿತಾಗ ಅದನ್ನೊಂದು ವಿಜಯವೆಂದು ಅಮ್ಮನಿಗೆ ಬರೆದೆ.

ಊರಾಚೆ ಕುರಿಗಾಹಿಗಳ ಹಟ್ಟಿಯಿತ್ತು. ಬೀರೋಬನ ಭಕ್ತರು. ಅಲ್ಲಿ ನನ್ನ ಮೊದಲ ಉಪದೇಶವನ್ನು ಎಲ್ಲರೂ ತುಂಬ ಮರ್ಯಾದೆಯಿಂದ ಕೇಳಿದರು. ಮುಗಿದ ಮೇಲೆ ಹಿರಿಯ ಸಿದ್ದಪ್ಪ ಮುತ್ಯಾ ಪಕ್ಕದವನನ್ನು ಕೇಳಿದರು: "ಛಲೋ ಮಾತಾಡಿದ್ರು. ಯಾವ ಭಾಷಾ ಅದು?"

"ಕನ್ನಡನ ಮುತ್ಯಾ."

"ಹಂಗಾದ್ರ ಇಷ್ಟು ದಿನಾ ನಾವು ಮಾತಾಡಿದ್ದು ಏನಲೇ?"

ಅಂದಿನಿಂದ ಉಪದೇಶ ಕಡಿಮೆಯಾಯಿತು, ಪಟ್ಟಿ ಕಟ್ಟುವುದು ಹೆಚ್ಚಾಯಿತು. ಬೆಳಿಗ್ಗೆ ಸೈಕಲ್ಲಿಗೆ ಔಷಧದ ಪೆಟ್ಟಿಗೆ, ಸಂಜೆ ಅಕ್ಷರ ಕಲಿಸುವುದು. ನನ್ನ ಮಾತಿಗೆ ಮನಸ್ಸು ತಿರುಗಿಸಿದವರು ಒಬ್ಬರೂ ಇರಲಿಲ್ಲ. ಸೊಲ್ಲಾಪುರಕ್ಕೆ ಕಳಿಸುವ ವರದಿಯಲ್ಲಿ ಹವಾಮಾನವನ್ನು ವಿಸ್ತಾರವಾಗಿ ಬರೆಯುತ್ತಿದ್ದೆ. ಜೊತೆಗೆ ಮೂರು ಸಲ ವರ್ಗ ಬೇಡಿದೆ. ಎರಡನೆಯ ದೀಪಾವಳಿ ಕಳೆದ ವಾರ ಆದೇಶ ಬಂತು: ತುಮಕೂರಿನ ಶಾಲೆಗೆ, ಕ್ರಿಸ್‌ಮಸ್ಸಿನೊಳಗೆ. ಅದೇ ಟಪಾಲಿನಲ್ಲಿ ಅಮ್ಮನ ಕಾಗದವೂ ಬಂತು. ಹುಡುಗಿ ನೋಡಿಟ್ಟಿದ್ದಳು.

ಮಾರನೆಯ ದಿನ ಕುರಿಗಳು ಹೊರಡುವುದಿತ್ತು. ದೀಪಾವಳಿಯ ಮೇಲೆ ಹಟ್ಟಿಯವರು ಮೇವು ಹುಡುಕಿ ಹೊರಟರೆ ತಿರುಗುವುದು ಮಿರಗದ ಮಳೆಗೆ, ಅಂದರೆ ಜೂನಿನಲ್ಲಿ. ಈ ಸಲ ಮುತ್ಯಾನ ಸೊಸೆ ಲಗಮವ್ವ ಹೋಗುವಂತಿರಲಿಲ್ಲ. ಜಾಲಿಮುಳ್ಳು ಚುಚ್ಚಿ ಅವಳ ಪಾದ ಹಣ್ಣಾಗಿತ್ತು, ಬಾವು ಕಣಕಾಲಿಗೆ ಏರಿತ್ತು. ದಿನವೂ ನಾನೇ ತೊಳೆಯುತ್ತಿದ್ದೆ. ದವಾಖಾನೆ ಎಂದರೆ ಕಾಲು ಕತ್ತರಿಸುವ ಜಾಗವೆಂದು ಅವರೆಲ್ಲರ ಭಯ.

ವಿದಾಯ ಹೇಳಲೆಂದೇ ಹೋದೆ. ಜೇಬಿನಲ್ಲಿ ಆದೇಶವಿತ್ತು. ಬಾಯಿ ತೆರೆಯುವುದರೊಳಗೆ ಮುತ್ಯಾ ಕೇಳಿದರು: "ಮಾಸ್ತರ, ನಾವು ತಿರುಗಿ ಬರೂತನಕ ಈಕಿ ಕಾಲು ನೋಡ್ಕೋತೀರಿ?"

ಇಲ್ಲ ಎನ್ನುವ ಶಕ್ತಿಯನ್ನು ದೇವರು ನನಗೆ ಕೊಟ್ಟಿಲ್ಲ. ಅಕ್ಕಲಕೋಟೆಯ ಕಂಪೌಂಡರಿಗೆ ಒಪ್ಪಿಸಿದರಾಯಿತು ಎಂದುಕೊಂಡೆ. "ಆಗಲಿ, ನೋಡ್ಕೊಳ್ತೀನಿ" ಎಂದೆ.

ಮುತ್ಯಾ ಸೊಂಟದ ಚೀಲ ಬಿಚ್ಚಿ ಭಂಡಾರ ತೆಗೆದು ನನ್ನ ಮುಂದೆ ಹಿಡಿದರು. ಭಂಡಾರವೆಂದರೆ ಅವರ ದೇವರ ಅರಿಶಿನ ಪುಡಿ. ನನ್ನ ಚಿಂತೆಗಳೆಲ್ಲ ಒಟ್ಟಿಗೆ ಎದ್ದು ಕುಣಿದವು. ಬೇಡವೆಂದರೆ ಇವರಿಗೆ ಅವಮಾನ. ಹಣೆಗೆ ಹಚ್ಚಿಕೊಂಡರೆ ಸೊಲ್ಲಾಪುರದ ಮಿಷನ್ನಿನ ಹಿರಿಯರಿಗೆ ಏನು ಹೇಳುವುದು? ಕ್ಷಣದಲ್ಲಿ ಜಾಣ ಉಪಾಯ ಹೊಳೆಯಿತು. ಹಚ್ಚಿಕೊಳ್ಳುವುದು ಬೇಡ, ಸುಮ್ಮನೆ ಅಂಗೈಯಲ್ಲಿ ಪಡೆದು ಮುಷ್ಟಿ ಮುಚ್ಚಿದರಾಯಿತು. ಹಾಗೇ ಮಾಡಿದೆ. ಹಟ್ಟಿಯವರೆಲ್ಲ ಎದ್ದು ನಿಂತರು. ಲಗಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಚಾತುರ್ಯಕ್ಕೆ ನಾನೇ ಬೆನ್ನು ತಟ್ಟಿಕೊಳ್ಳುತ್ತ ಬಂದೆ.

ಮೂರನೆಯ ದಿನ ಟ್ರಂಕಿಗೆ ಹಗ್ಗ ಕಟ್ಟುತ್ತಿದ್ದಾಗ ಗುರಪ್ಪ ಸಾವುಕಾರರು ಬಾಗಿಲಲ್ಲಿ ನಿಂತರು.

"ಏನ್ರಿ ಮಾಸ್ತರ, ಭಂಡಾರ ಹಿಡದೀರಂತ?"

"ಹಣೆಗೆ ಹಚ್ಚಿಕೊಳ್ಳಲಿಲ್ಲ, ಸಾವುಕಾರ್ರೆ. ಬರೀ ಕೈಯಲ್ಲಿ..."

"ಹಚ್ಚಿಕೊಂಡಿದ್ರ ಆಶೀರ್ವಾದ ಇತ್ತು, ಒರಸ್ಕೊಂಡು ಹೋಗಬಹುದಿತ್ತು. ಮಾತು ಕೊಟ್ಟು ಮುಷ್ಟ್ಯಾಗ ಹಿಡದ್ರ ಅದು ಆಣಿ! ಅದನ್ನ ನಂಬಿ ಅವರು ಸೊಸಿನ್ನ ಬಿಟ್ಟು ಹೋಗ್ಯಾರ. ಇಲ್ಲಾಂದ್ರ ಚಕ್ಕಡಿ ಮ್ಯಾಲ ಹಾಕ್ಕೊಂಡು ಹೋಗ್ತಿದ್ರು."

ನಿಂತಲ್ಲೇ ಟ್ರಂಕಿನ ಮೇಲೆ ಕುಳಿತೆ. ಕೈ ನೋಡಿಕೊಂಡೆ. ಎಷ್ಟು ತೊಳೆದಿದ್ದರೂ ಉಗುರಿನ ಸಂದಿಯಲ್ಲಿ ಹಳದಿ ಉಳಿದಿತ್ತು.

ಆಣೆ ವಾಪಸು ಮಾಡಲು ಸೈಕಲ್ಲು ಹತ್ತಿ ಕುರಿಗಳ ಬೆನ್ನು ಹಿಡಿದೆ. ಹಿಕ್ಕೆ ನೋಡಿ ದಾರಿ ಕೇಳುತ್ತ ಹೋಗಿ, ಮಧ್ಯಾಹ್ನದ ಹೊತ್ತಿಗೆ ಕಂದಲಗಾಂವದ ಹತ್ತಿರ ಒಬ್ಬರ ಹೊಲದಲ್ಲಿ ಮುತ್ಯಾನನ್ನು ಹಿಡಿದೆ. ಆದೇಶ ತೋರಿಸಿದೆ. ಅಮ್ಮನ ವಿಷಯ, ಹುಡುಗಿಯ ವಿಷಯ ಎಲ್ಲ ಹೇಳಿದೆ. "ನನ್ನನ್ನು ಬಿಟ್ಟುಬಿಡಿ" ಎಂದೆ.

ಮುತ್ಯಾಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಒಂದು ಚರಿಗೆ ನೀರು ಕೊಟ್ಟು ಕೇಳಿದರು: "ನೀವು ನಮ್ಮ ದೇವರಿಗಿ ನಡಕೊಳ್ಳಾವರಲ್ಲ, ಖರೆ ಐತಿ. ನಿಮ್ಮ ದೇವರು ಏನಂತಾನ್ರಿ? ಮಾತು ಕೊಟ್ಟು ಬಿಡಬಹುದಂತಾನ?"

ಒಂದೂವರೆ ವರ್ಷ ಅವರಿಗೆ ದೇವರ ವಿಚಾರ ಹೇಳಿದವನು ನಾನು. ಮೊದಲ ಬಾರಿ ಅವರಾಗಿ ಪ್ರಶ್ನೆ ಕೇಳಿದ್ದರು. ನೀರು ಕುಡಿದು ಸೈಕಲ್ಲು ತಿರುಗಿಸಿದೆ.

ಮಿರಗದವರೆಗೆ ಹೊರಡಲಾರೆ ಎಂದಾಗ ಸೊಲ್ಲಾಪುರದ ಹಿರಿಯರು ತಲೆಯ ಮೇಲೆ ಕೈಯಿಟ್ಟುಕೊಂಡರು. "ನಿನ್ನನ್ನು ಯಾಕೆ ಕಳಿಸಿದೆವು, ನೀನು ಮಾಡಿದ್ದೇನು!" ವರ್ಗ ರದ್ದಾಯಿತು, ತುಮಕೂರಿನ ಜಾಗಕ್ಕೆ ಬೇರೊಬ್ಬರು ಹೋದರು. ಹುಡುಗಿಯ ಮನೆಯವರೂ ಕಾಯಲಿಲ್ಲ. ಅಮ್ಮ ಎರಡು ತಿಂಗಳು ಕಾಗದ ಬರೆಯಲಿಲ್ಲ.

ಲಗಮವ್ವನ ಕಾಲು ನನ್ನ ಔಷಧದ ಪುಡಿಗೆ ಜಗ್ಗಲಿಲ್ಲ. ಕೊನೆಗೆ ಚಕ್ಕಡಿ ಕಟ್ಟಿಸಿ ಅಕ್ಕಲಕೋಟೆಯ ದವಾಖಾನೆಗೆ ಹೊರಟೆ. ದಾರಿಯುದ್ದಕ್ಕೂ ಕಾಲು ಕತ್ತರಿಸಿದರೆ ಮುತ್ಯಾಗೆ ಏನು ಹೇಳಲಿ ಎಂದೇ ಯೋಚನೆ.

"ಮಾಸ್ತರ, ಕಾಲು ನಂದು, ನಡಗೂದು ನೀವು" ಎಂದು ಅವಳು ನಕ್ಕಳು. "ಹಿಂಗಾದ್ರ ಡಾಕ್ಟರು ನಿಮ್ಮನ್ನ ಮಲಗಸತಾನ."

ಡಾಕ್ಟರು ಕತ್ತರಿಸಲಿಲ್ಲ. ಕೊಯ್ದು, ಕೀವು ತೆಗೆದು, ಒಳಗೇ ಉಳಿದಿದ್ದ ಮುಳ್ಳಿನ ತುದಿಯನ್ನು ಇಕ್ಕಳದಲ್ಲಿ ಎತ್ತಿ ತೋರಿಸಿದರು. ಅಷ್ಟು ಚಿಕ್ಕದು! ನಾನು ಗೋಡೆ ಹಿಡಿದು ಕುಸಿದೆನೆಂದು ಲಗಮವ್ವ ಇವತ್ತಿಗೂ ಹೇಳುತ್ತಾಳೆ.

ಮಿರಗದ ಮಳೆಗೆ ಕುರಿಗಳು ತಿರುಗಿದವು. ಅವಳು ನಡೆದೇ ಎದುರು ಹೋದಳು, ತುಸು ಕುಂಟುತ್ತ. ಮುತ್ಯಾ ಬಗ್ಗಿ ಅವಳ ಪಾದ ನೋಡಿದರು, ಆಮೇಲೆ ನನ್ನನ್ನು. "ಮಾತು ಮುಟ್ಟಸೀರಿ. ಇನ್ನ ನೀವು ಖುಲ್ಲಾ. ನಿಮ್ಮೂರಿಗಿ ಹೋಗ್ರಿ."

ಏಳು ತಿಂಗಳು ಕಟ್ಟಿಹಾಕಿದ್ದಾರೆಂದು ಗೊಣಗಿದ್ದೆ. ಈಗ ಹಿಡಿದಿರುವವರು ಯಾರೂ ಇಲ್ಲ ಎಂದು ತಿಳಿದ ಮೇಲೆ ಟ್ರಂಕಿಗೆ ಹಗ್ಗ ಕಟ್ಟಲು ಮೂರು ದಿನ ಹಿಡಿಯಿತು.

ಹೋದೆ. ಅಮ್ಮ ಮುದ್ದೆ ತೊಳಸಿ ಬಡಿಸಿದಳು. ಹತ್ತನೆಯ ದಿನಕ್ಕೆ ನಾನು ಒಣರೊಟ್ಟಿ ನೆನೆಯುತ್ತಿದ್ದೆ. ಹದಿನೈದನೆಯ ದಿನ ಮೈಂದರ್ಗಿಗೆ ಹಿಂದಕ್ಕೆ ಬಂದೆ, ಸ್ವಲ್ಪ ದಿನದ ಮಟ್ಟಿಗೆ ಎಂದು ಹೇಳಿ. ಇಪ್ಪತ್ತು ವರ್ಷದ ಮೇಲಾಯಿತು.

ಮುತ್ಯಾ ಈಗಿಲ್ಲ. ದೀಪಾವಳಿ ಕಳೆದು ಕುರಿಗಳು ಹೊರಡುವಾಗ ಲಗಮವ್ವ ಮುಂದೆ ನಡೆಯುತ್ತಾಳೆ, ನಾನು ದಾರಿಗೆ ಬಂದು ನಿಲ್ಲುತ್ತೇನೆ. "ಮಾಸ್ತರ, ಊರಿಗಿ ಯಾವಾಗ ಹೊಂಟೀರಿ?" ಎಂದು ಅವಳು ಕೂಗುತ್ತಾಳೆ. "ಬರುವ ವರ್ಷ" ಎನ್ನುತ್ತೇನೆ. ಹಟ್ಟಿಗೆ ಹಟ್ಟಿಯೇ ನಗುತ್ತದೆ. ನಾನು ತಮಾಷೆ ಮಾಡುತ್ತಿಲ್ಲವೆಂದು ಅವರಿಗೆ ಇನ್ನೂ ತಿಳಿದಿಲ್ಲ.