ಹಿಂದಿನ ಎಡಗಡೆ ಬಾಗಿಲು

ಅವಳ ಬಲಗೈಯ ಕಿರುಬೆರಳೂ ಉಂಗುರಬೆರಳೂ ಕೊಕ್ಕೆಯ ಹಾಗೆ ಒಳಕ್ಕೆ ಬಾಗಿದ್ದವು. ಅದಕ್ಕೇ ಬೀದಿಯವರೆಲ್ಲ ಸೊಟ್ಟಕ್ಕ ಅನ್ನುತ್ತಿದ್ದರು. ಕಾರುಗಳಿಗೆ ಸ್ಟಿಕ್ಕರ್ ಹೊದಿಸುವುದು ಅವಳ ಕಸುಬು. ಬಣ್ಣ ಬಳಿಯುವುದಲ್ಲ, ಬಣ್ಣದ ತೆಳು ಹಾಳೆಯನ್ನು ಬಿಸಿ ಮಾಡಿ, ಉಜ್ಜಿ, ತಗಡಿಗೆ ಚರ್ಮದ ಹಾಗೆ ಕೂರಿಸುವುದು. ಬಾಗಿಲ ಹಿಡಿಕೆಯ ಹಿಂದೆ ಒಂದು ಗುಳಿ ಇರುತ್ತದಲ್ಲ, ಅಲ್ಲಿಗೆ ಉಜ್ಜುವ ಪಟ್ಟಿ ಹೋಗುವುದಿಲ್ಲ, ನೆಟ್ಟಗಿನ ಬೆರಳೂ ಸರಿಯಾಗಿ ಕೂರುವುದಿಲ್ಲ. ಅವಳ ಸೊಟ್ಟ ಬೆರಳು ಅಳತೆ ಕೊಟ್ಟು ಮಾಡಿಸಿದ ಹಾಗೆ ಹೋಗುತ್ತಿತ್ತು.

ಬೆರಳು ಮುರಿದವನು ಅವಳ ಅಣ್ಣ. ಟ್ಯಾಕ್ಸಿ ಓಡಿಸುತ್ತಿದ್ದ, ಸ್ಟ್ಯಾಂಡಿನವರು ಅವನನ್ನು ಗೂಳಿ ಅನ್ನುತ್ತಿದ್ದರು, ಎದುರಿಗಲ್ಲ. ಹನ್ನೆರಡು ವರ್ಷದ ಹಿಂದೆ ಅವನು ಕಡುಗೆಂಪು ಕಾರು ತಂದ ವಾರವೇ ಇವಳು, ಸ್ಟಿಕ್ಕರ್ ಅಂಗಡಿಗೆ ಕೆಲಸಕ್ಕೆ ಹೋಗ್ತೀನಿ ಅಂದಳು. ಹಿಂದಿನ ಎಡಗಡೆ ಬಾಗಿಲ ಅಂಚು ಹಿಡಿದುಕೊಂಡು ಮಾತಾಡುತ್ತಿದ್ದಳು. ಅವನು ಬಾಗಿಲು ಬಡಿದ. ತೆಗೆದು ನೋಡಿದ. ಮತ್ತೆ ಬಡಿದ. ಒಂದೇ ಸಲ ಆಗಿದ್ದರೆ ಕೈತಪ್ಪು ಅನ್ನಬಹುದಿತ್ತು.

ಆಮೇಲೆ ಅಣ್ಣ ತಂಗಿಗೆ ಮಾತಿಲ್ಲ. ಅತ್ತಿಗೆ ಮಾತ್ರ ಕದ್ದುಮುಚ್ಚಿ ಬಂದು ಹೋಗುತ್ತಿದ್ದಳು.

ಆ ಭಾನುವಾರ ಬೆಳಿಗ್ಗೆ ಅತ್ತಿಗೆ ಸೊಟ್ಟಕ್ಕನ ಅಂಗಡಿಗೆ ಬಂದಾಗ ಎಡಕೆನ್ನೆ ಊದಿತ್ತು, ತುಟಿ ಒಡೆದಿತ್ತು.

"ಏನಾಯ್ತು ಅತ್ತಿಗೆ?"

"ಹಾಳೆ ಹಿಡ್ಕೊಂಡಿದ್ದೆ. ಕೈ ಜಾರ್ತು."

"ಹಾಳೆ ಜಾರಿದ್ರೆ ತುಟಿ ಒಡೆಯುತ್ತಾ?"

"ನಿಮ್ಮಣ್ಣನ ಮನೇಲಿ ಒಡೆಯುತ್ತೆ."

ಸಂಗತಿ ಇಷ್ಟು. ಊರಿನ ದೊಡ್ಡ ಆಸ್ಪತ್ರೆಯವರು ಗೂಳಿಯ ಕಾರನ್ನು ಖಾಯಂ ಓಡಾಟಕ್ಕೆ ತೆಗೆದುಕೊಳ್ಳಲು ಒಪ್ಪಿದ್ದರು. ಆದರೆ ಗಾಡಿ ಬಿಳಿ ಇರಬೇಕು, ಸೋಮವಾರ ಎಂಟಕ್ಕೆ ತೋರಿಸಬೇಕು. ಅವನು ಬಿಳಿ ಹಾಳೆಯ ಸುರುಳಿ ತಂದು ತಾನೇ ಕೂತಿದ್ದ. ತಂಗಿಯನ್ನು ಕೇಳಿ ಅಂತ ಅತ್ತಿಗೆ ಅಂದರೆ, "ಇದಕ್ಕೆ ಅವಳ ಕಾಲು ಹಿಡೀಬೇಕಾ? ಶಾಲೇಲಿ ನನ್ನ ಪುಸ್ತಕಕ್ಕೆಲ್ಲ ನಾನೇ ಬೈಂಡ್ ಹಾಕಿದೋನು" ಅಂದನಂತೆ.

"ಈ ಕೆಲಸ ತಪ್ಪಿದ್ರೆ ಅವರು ಮನೇಲೇ ಇರ್ತಾರೆ," ಅಂದಳು ಅತ್ತಿಗೆ. "ಇಡೀ ದಿನ. ನಾನು ಉಳಿಯಲ್ಲ."

ಸೊಟ್ಟಕ್ಕ ಎರಡು ಪಟ್ಟಿ, ಹಾಳೆ ಕತ್ತರಿಸುವ ದಾರ, ಹೊಸ ಬಿಳಿ ಸುರುಳಿ ಎತ್ತಿಕೊಂಡು ಅಂಗಡಿಯ ಬಾಗಿಲು ಎಳೆದಳು.

ಅಣ್ಣನ ಮನೆಯ ಶೆಡ್ಡಿನಲ್ಲಿ ಕಾರಿನ ಬಾನೆಟ್ಟು ಸಿಡುಬು ಎದ್ದ ಹಾಗೆ ಗುಳ್ಳೆ ಗುಳ್ಳೆಯಾಗಿತ್ತು. ಹಾಳೆ ಕಾಯಿಸುವ ಹೀಟ್ ಗನ್ ಸ್ಟೂಲಿನ ಮೇಲೆ ಬಿಸಿಗಾಳಿ ಉಗುಳುತ್ತಲೇ ಇತ್ತು. ಗೂಳಿ ಬಾಗಿಕೊಂಡು, ಅಂಚಿನ ಹಾಳೆಯನ್ನು ಕಾರಿನ ಮೇಲೇ ಬ್ಲೇಡಿನಿಂದ ಕುಯ್ಯುತ್ತಿದ್ದ. ಹಾಗೆ ಕುಯ್ಯಬಾರದು, ಅದು ಈ ಕಸುಬಿನ ಮೊದಲ ಪಾಠ. ಬ್ಲೇಡು ಹಾಳೆಗೆ ನಿಲ್ಲುವುದಿಲ್ಲ, ಬಣ್ಣ ಸೀಳಿ ತಗಡಿಗೆ ಇಳಿಯುತ್ತದೆ. ಅವನ ಅಂಗೈಗೂ ಇಳಿದಿತ್ತು. ಬಿಳಿ ಹಾಳೆಯ ತುಂಬ ರಕ್ತದ ಕೈಗುರುತು.

"ಬ್ಲೇಡ್ ಇಡು," ಅಂದಳು.

"ಬಂದ್ಲಪ್ಪ ಡಾಕ್ಟ್ರಮ್ಮ."

"ನೀನು ಕುಯ್ತಾ ಇರೋದು ಹಾಳೆ ಅಲ್ಲ, ಗಾಡಿ."

ಅವನು ಬ್ಲೇಡು ಬಿಟ್ಟ. ಬಿಟ್ಟ ಕೈ ಹೆಂಡತಿಯ ಜುಟ್ಟಿಗೆ ಹೋಯಿತು. "ನೀನಾ ಇವಳನ್ನ ಕರ್ಕೊಂಡು ಬಂದಿದ್ದು?" ಅನ್ನುತ್ತ ಅವಳ ಹಣೆಯನ್ನು ಬಾನೆಟ್ಟಿಗೆ ಅಪ್ಪಳಿಸಿದ. ತಗಡು ತಗ್ಗಾಯಿತು. ಎರಡನೇ ಸಲ ಅಪ್ಪಳಿಸಲು ಅವಳ ತಲೆ ಎತ್ತಿದ.

ಸೊಟ್ಟಕ್ಕ ಹೀಟ್ ಗನ್ ತೆಗೆದು ಅದರ ಮೂತಿಯನ್ನು ಅವನ ಮುಂಗೈಗೆ ಒತ್ತಿದಳು. ಹಾಳೆಗೆ ಎಷ್ಟು ಹೊತ್ತು ಹಿಡಿಯಬೇಕೆಂದು ಅವಳಿಗೆ ಗೊತ್ತಿತ್ತು. ಅದಕ್ಕಿಂತ ಎರಡು ಎಣಿಕೆ ಜಾಸ್ತಿ ಹಿಡಿದಳು. ಸುಟ್ಟ ಕೂದಲ ವಾಸನೆ ಎದ್ದಿತು. ಅವನು ಜುಟ್ಟು ಬಿಟ್ಟು ಇವಳ ಕಿವಿಯ ಮೇಲೆ ಗುದ್ದಿದ. ಇವಳು ಟೈರಿನ ಬುಡಕ್ಕೆ ಬಿದ್ದಳು; ಕಿವಿಯೊಳಗೆ ಒಂದೇ ಸಮನೆ ಸಿಳ್ಳೆ. ಅವನು ಇವಳ ಬಲಗೈ ಹಿಡಿದು ದರದರ ಎಳೆದುಕೊಂಡು ಹೋಗಿ ಹಿಂದಿನ ಎಡಗಡೆ ಬಾಗಿಲು ತೆಗೆದ.

"ಉಳಿದ ಮೂರನ್ನೂ ಇವತ್ತು ಮುಗಿಸ್ತೀನಿ."

ಇವಳ ಕೈ ಬಾಗಿಲ ಸಂದಿಗೆ ಹೋಗಿತ್ತು. ಆಗ ಅತ್ತಿಗೆ ಜಾಕಿನ ಕಬ್ಬಿಣದ ರಾಡು ಎತ್ತಿ ಅವನ ಮಂಡಿಯ ಹಿಂದಕ್ಕೆ ಬೀಸಿದಳು. ಅವನು ಕುಸಿದ. ಎರಡನೆಯ ಏಟು ಭುಜಕ್ಕೆ ಬಿತ್ತು. ಹಣೆಯಿಂದ ಇಳಿದ ರಕ್ತ ಕಣ್ಣಲ್ಲಿ ತುಂಬಿ ಅತ್ತಿಗೆಗೆ ಎದುರಿಗಿರುವುದು ಸರಿಯಾಗಿ ಕಾಣುತ್ತಿರಲಿಲ್ಲ. ಮೂರನೆಯದು ತಲೆಗೇ ಬೀಳುವುದರಲ್ಲಿತ್ತು.

"ಸಾಕು ಅತ್ತಿಗೆ," ಅಂದಳು ಸೊಟ್ಟಕ್ಕ, ನೆಲದ ಮೇಲಿಂದಲೇ. "ಬಾನೆಟ್ ಹಾಳೆ ಹಿಡಿಯೋಕೆ ಎರಡು ಜನ ಬೇಕು. ಇವನದೊಂದು ಕೈ ಇರಲಿ."

ಅತ್ತಿಗೆ ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಗೋಡೆಗೊರಗಿ ಕೂತಳು, ರಾಡು ಮಡಿಲಲ್ಲಿ. ಸೊಟ್ಟಕ್ಕ ಅವನು ಅಂಟಿಸಿದ್ದನ್ನೆಲ್ಲ ಕಿತ್ತಳು. ತಗ್ಗನ್ನು ಒಳಗಿನಿಂದ ತಟ್ಟಿ ಎತ್ತಿದಳು. ಬ್ಲೇಡಿನ ಗೀರಿಗೆ ಪುಟ್ಟಿ ತುಂಬಿ, ಒಣಗಿಸಿ, ಉಜ್ಜಿದಳು. ಗೂಳಿ ಹಾಳೆಯ ಆ ಕಡೆ ಅಂಚು ಹಿಡಿದು ಕುಂಟುತ್ತ ನಿಂತ. ಹಿಡಿದವನು ಹಳೇ ಚಾಳಿಯಂತೆ ಎಳೆದ.

"ಎಳೀಬೇಡ. ಹಿಡ್ಕೋ ಅಷ್ಟೆ. ಎಳೆದು ಕೂರಿಸಿದ್ದು ಬಿಸಿಲಿಗೆ ಎದ್ದು ಬರುತ್ತೆ."

ಅವನು ಮತ್ತೆ ಎಳೆದ. ಗೋಡೆಯ ಕಡೆ ರಾಡು ನೆಲಕ್ಕೆ ಟಣ್ ಅಂತ ತಾಗಿತು. ಕೈ ಸಡಿಲವಾಯಿತು.

ಹೊತ್ತು ಇಳಿಯುವಷ್ಟರಲ್ಲಿ ಬಾನೆಟ್ಟು, ಚಾವಣಿ, ಡಿಕ್ಕಿ, ಮೂರು ಬಾಗಿಲು ಮುಗಿದವು. ಪ್ರತಿ ಹಿಡಿಕೆಯ ಹಿಂದೂ ಅವಳು ಸೊಟ್ಟ ಬೆರಳು ತೂರಿಸಿ ಹಾಳೆಯನ್ನು ಒಳಗೊತ್ತಿದಳು. ಎರಡು ಬಾಗಿಲು ಮುಗಿಯುವವರೆಗೂ ಅವನು ನೋಡುತ್ತ ನಿಂತಿದ್ದ. ಮೂರನೆಯದಕ್ಕೆ ಮುಖ ಆಚೆ ತಿರುಗಿಸಿದ.

ಆಮೇಲೆ ಅವಳು ಸಾಮಾನು ಕಟ್ಟಿದಳು.

"ಇನ್ನೊಂದು ಬಾಗಿಲು?" ಅಂದ.

"ಅದು ನಿನ್ನದು. ಬೈಂಡ್ ಹಾಕೋನಲ್ವಾ, ಹಾಕು. ಏಳಿ ಅತ್ತಿಗೆ, ನಮ್ಮನೆಗೆ ಹೋಗೋಣ."

ಅತ್ತಿಗೆ ರಾಡನ್ನೂ ತೆಗೆದುಕೊಂಡೇ ಹೊರಟಳು.

ಸೋಮವಾರ ಮಧ್ಯಾಹ್ನ ಬಿಳಿ ಕಾರು ಅಂಗಡಿಯ ಮುಂದೆ ಬಂದು ನಿಂತಿತು. ಹಿಂದಿನ ಎಡಗಡೆ ಬಾಗಿಲು ಮುದುಕಿಯ ಕೆನ್ನೆಯ ಹಾಗೆ ಸುಕ್ಕುಗಟ್ಟಿತ್ತು. ಹಿಡಿಕೆಯ ಹಿಂದೆ ಹಾಳೆ ಹರಿದು ಕೆಂಪು ಕಾಣುತ್ತಿತ್ತು. ಗೂಳಿ ಇಳಿದ, ಸುಟ್ಟ ಕೈಗೆ ಬಟ್ಟೆ ಸುತ್ತಿತ್ತು. ಹೊಸಿಲ ಆಚೆಯೇ ನಿಂತ.

"ವಾರದೊಳಗೆ ಈ ಬಾಗಿಲು ಸರಿ ಮಾಡ್ಸಿದ್ರೆ ಕೆಲಸ ಅಂದ್ರು ಆಸ್ಪತ್ರೆಯವರು."

ಸೊಟ್ಟಕ್ಕ ತಲೆ ಎತ್ತಲಿಲ್ಲ. "ಯಾರು ಕೆಡಿಸಿದ್ದು ಅಂತ ಕೇಳ್ಲಿಲ್ವಾ?"

"ಕೇಳಿದ್ರು. ನಾನೇ ಅಂದೆ. ಎರಡು ಸಲ ಕೇಳಿದ್ರು, ಎರಡು ಸಲಾನೂ ಹೇಳಿದೆ."

ಒಳಗೆ ಇನ್ನೊಬ್ಬರ ಕಾರಿನ ಚಾವಣಿಗೆ ಹಾಳೆ ಇಳಿಯುತ್ತಿತ್ತು. ಅದರ ಆ ಕಡೆ ಅಂಚನ್ನು ಹಿಡಿದಿದ್ದವಳು ಅತ್ತಿಗೆ, ಎಳೆಯದೆ, ಹಿಡಿಯಬೇಕಾದಷ್ಟೇ. ಹಣೆಯ ಪಟ್ಟಿ ಇನ್ನೂ ಹಸಿಯಾಗಿತ್ತು. ರಾಡು ಅವಳ ಕಾಲ ಬಳಿ ಗೋಡೆಗೆ ಒರಗಿತ್ತು.

"ನಿಮಗಿಂತ ಮುಂದೆ ಎರಡು ಗಾಡಿ ಇವೆ," ಅಂದಳು ಅತ್ತಿಗೆ, ಅಂಚಿನಿಂದ ಕಣ್ಣು ತೆಗೆಯದೆ. "ಕಾಯ್ಬೇಕು. ಹೊರಗೆ."

ಅವನು ಹೊರಗೆ ಕಾದ.