ತಗಡಿನ ಖೋಲಿಯ ಎಂಟು ಕೋರ್

ಮಸ್ಕಿಯ ಸ್ಟುಡಿಯೋದಲ್ಲಿ ನಡೆದದ್ದನ್ನು ಲಿಂಗಸುಗೂರಿನ ಕಂಪ್ಯೂಟರ್ ಅಂಗಡಿಯವರು ಹೀಗೆ ಹೇಳುತ್ತಾರೆ: ಎರಡು ಡೆಸ್ಕ್‌ಟಾಪ್‌ಗಳಿಗೆ ಪಂದ್ಯ ಇಟ್ಟರು, ಹೊಸ ಪ್ರೊಸೆಸರ್ ಗೆದ್ದಿತು, ಅದರ ಮುಂದೆ ಕೂತಿದ್ದ ಹುಡುಗಿಯ ಬಣ್ಣ ಬಯಲಾಯಿತು. ಕೇಳಲು ಚೆನ್ನಾಗಿದೆ. ಮೊದಲರ್ಧ ನಿಜವೂ ಹೌದು. ತಾಪತ್ರಯ ಇರುವುದು ಅಲ್ಲೇ. ಪೂರ್ತಿ ಸುಳ್ಳನ್ನು ಕೆಡವಬಹುದು, ಅರ್ಧ ನಿಜವನ್ನು ಕೆಡವುವುದು ಕಷ್ಟ. ಪಂದ್ಯ ನಡೆಸಿದವನು ನಾನೇ ಆದ್ದರಿಂದ ಉಳಿದರ್ಧವನ್ನು ಹೇಳುತ್ತೇನೆ.

ಕಳೆದ ವರ್ಷದ ಬೇಸಿಗೆ. ನಾನು ಸಿಂಧನೂರಿನಲ್ಲಿ ಕಂಪ್ಯೂಟರ್ ಸರ್ವಿಸ್ ಇಂಜಿನಿಯರ್. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಹುಚ್ಚು ಹತ್ತಿಸಿಕೊಂಡವನಿಗೆ ಒಗ್ಗುವ ಕೆಲಸ ಇದು. ಎದುರಿನವರು ಹೇಳಿದ್ದನ್ನು ನಂಬದೆ ಇರುವುದಕ್ಕೇ ಇಲ್ಲಿ ಸಂಬಳ.

ಮಸ್ಕಿಯಿಂದ ಹೇಳಿ ಕಳಿಸಿದವರು ಸ್ಟುಡಿಯೋ ಮಾಲಕ ಅಮರೇಶಪ್ಪ. ಅವರಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವವರು ಇಬ್ಬರು. ಕೆಳಗಿನ ಹಾಲ್‌ನಲ್ಲಿ ಕೂಲರ್ ಗಾಳಿಗೆ ಕೂತು ಹಳೆಯ ನಾಲ್ಕು ಕೋರ್ ಪ್ರೊಸೆಸರ್‌ನಲ್ಲಿ ಕೆಲಸ ಮಾಡುವವನು ಹುಲಿಗೇಶ. ಮಾಳಿಗೆಯ ಮೇಲಿನ ತಗಡಿನ ಖೋಲಿಯಲ್ಲಿ ಹೊಸ ಎಂಟು ಕೋರ್‌ನ ಮುಂದೆ ಶಿವಲೀಲಾ. ಹಾಡಿನ ತಾಳಕ್ಕೆ ದೃಶ್ಯ ಕತ್ತರಿಸುವ ನಾಜೂಕಿನ ಕೈ ಅವಳದೆಂದೇ ಹೊಸದನ್ನು ಅವಳಿಗೆ ಕೊಟ್ಟಿದ್ದರು. ಕೋರ್ ಎಂದರೆ ಪ್ರೊಸೆಸರ್ ಒಳಗಿನ ಆಳು ಅಂದುಕೊಳ್ಳಿ. ಎಂಟು ಆಳು ನಾಲ್ವರಿಗಿಂತ ಬೇಗ ಮುಗಿಸಬೇಕು. ಆದರೆ ರೆಂಡರ್, ಅಂದರೆ ಜೋಡಿಸಿದ ದೃಶ್ಯಗಳನ್ನೆಲ್ಲ ಒಂದೇ ವಿಡಿಯೋ ಫೈಲ್ ಮಾಡುವ ಕೆಲಸ, ಮೇಲಿನ ಖೋಲಿಯಲ್ಲೇ ತಡವಾಗುತ್ತಿತ್ತು. ಲಗ್ನದ ಹಂಗಾಮು ಮುಗಿದ ಮೇಲೆ ಇಬ್ಬರಲ್ಲಿ ಒಬ್ಬರನ್ನಷ್ಟೇ ಇಟ್ಟುಕೊಳ್ಳುವುದೆಂದು ಅಮರೇಶಪ್ಪ ತೀರ್ಮಾನಿಸಿದ್ದರು.

“ಮಶೀನ್ ಹೊಸಾದೈತಿ. ಆಕೀನ ಫೋನ್ ನೋಡ್ಕೋತ ಕುಂದರತಾಳ ಅನಸ್ತೈತಿ. ನೀನಽ ಒಮ್ಮೆ ತೂಕಾ ಹಾಕಿ ಹೇಳಿಬಿಡು, ತಮ್ಮಾ,” ಎಂದರು.

ಶಿವಲೀಲಾ ಪಾಮನಕಲ್ಲೂರಿನಿಂದ ದಿನಾ ಬಸ್ಸಿಗೆ ಬರುವವಳು. ನನ್ನನ್ನು ನೋಡಿ ಹೆದರಲಿಲ್ಲ. “ರೆಂಡರಿಗೆ ಹಚ್ಚಿದ ಮ್ಯಾಲ ನಾ ಕುಂತರೂ ಅಷ್ಟ, ಕುಣದರೂ ಅಷ್ಟ, ಅಣ್ಣಾ. ಅದು ಗಬ್ಬದ ಎಮ್ಮಿ ಹೊಂಟಂಗ ಹೊಂಟಿರ್ತೈತಿ,” ಎಂದಳು.

ಹೋಲಿಕೆಗೆ ಒಂದು ಶಿಸ್ತುಂಟು: ಪ್ರೊಸೆಸರ್ ಒಂದು ಬಿಟ್ಟು ಉಳಿದದ್ದೆಲ್ಲ ಒಂದೇ ಇರಬೇಕು. ಎರಡೂ ಕ್ಯಾಬಿನೆಟ್ ಬಿಚ್ಚಿ ಧೂಳು ತೆಗೆದು, ಪ್ರೊಸೆಸರ್‌ನ ಬಿಸಿಯನ್ನು ಹೊರಗೆಳೆಯುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿ, ಹಾಲ್‌ನಲ್ಲಿ ಅಕ್ಕಪಕ್ಕ ಇಟ್ಟು, ಒಂದೇ ಮದುವೆಯ ಒಂದೇ ತುಣುಕನ್ನು ರೆಂಡರಿಗೆ ಹಾಕಿದೆ. ಹಳೆಯದು ನಲವತ್ತು ನಿಮಿಷ ತೆಗೆದುಕೊಂಡಿತು. ಹೊಸದು ಇಪ್ಪತ್ತೆರಡರಲ್ಲಿ ಮುಗಿಸಿತು.

“ಏ ಲೀಲಕ್ಕಾ, ಕುದುರಿ ಮ್ಯಾಲ ಕುಂತು ಕಾಲ್ನಡಿಗಿಲೆ ಬಂದಿಯಲ್ಲ ಬೇ!” ಎಂದು ಹುಲಿಗೇಶ ಕೂಗಿದ. ಆಲ್ಬಂ ನೋಡಲು ಬಂದು ಕೂತಿದ್ದವರೂ ನಕ್ಕರು. ಲಿಂಗಸುಗೂರಿನವರ ಕಥೆ ಇಲ್ಲಿಗೆ ಮುಗಿಯುತ್ತದೆ.

ಶಿವಲೀಲಾ ನಗಲಿಲ್ಲ. “ಇಲ್ಲಿ ಕೂಲರ್ ಗಾಳ್ಯಾಗ ಯಾರರ ಓಡ್ತಾರ. ಮ್ಯಾಲ ಒಯ್ದು ಓಡಸ್ರಿ,” ಎಂದಳು.

ಅವಳ ವಾದದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಎರಡನ್ನೂ ಮೇಲೆ ಹೊತ್ತೆವು. ಮಟಮಟ ಮಧ್ಯಾಹ್ನ, ತಲೆಯ ಮೇಲೆ ಬರೀ ತಗಡು. ಹೊಸದು ಮೊದಲು ಹಾಗೆಯೇ ಓಡಿತು. ಆಮೇಲೆ ಪರದೆಯ ಮೇಲೆ ಪ್ರೊಸೆಸರ್‌ನ ಉಷ್ಣತೆ ನೂರು ಡಿಗ್ರಿಯ ಹತ್ತಿರ ಬಂತು. ವೇಗ ಅರ್ಧಕ್ಕೂ ಕೆಳಗೆ ಕುಸಿಯಿತು. ಸುಟ್ಟುಹೋಗದಿರಲು ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಇದಕ್ಕೆ ಥ್ರಾಟ್ಲಿಂಗ್ ಎನ್ನುತ್ತೇವೆ. ಕಡಿಮೆ ಕರೆಂಟ್ ತಿಂದು ಕಡಿಮೆ ಬಿಸಿಯಾಗುವ ಹಳೆಯದು ನಲವತ್ತೆರಡು ನಿಮಿಷಕ್ಕೆ ಮುಗಿಸಿತು, ಹೊಸದು ನಲವತ್ತಾರಕ್ಕೆ. ಅಷ್ಟು ಹೊತ್ತೂ ಶಿವಲೀಲಾ ಬಾಗಿಲಲ್ಲಿ ನಿಂತಿದ್ದಳು, ಕೀಬೋರ್ಡ್ ಮುಟ್ಟಿರಲಿಲ್ಲ.

ಅಮರೇಶಪ್ಪ ಬೆವರು ಒರೆಸಿಕೊಳ್ಳುತ್ತ ಎಲ್ಲವನ್ನೂ ಕಣ್ಣಾರೆ ಕಂಡರು. ಹಟ ಮಾಡಲಿಲ್ಲ. “ಖರೇ ಐತಿ ಬಿಡು. ಮಶೀನಿಗೆ ಝಳಾ ಬಡದೈತಿ. ಕೆಳಗ ತರಸ್ತೀನಿ,” ಎಂದರು. ಗೆದ್ದೆ ಅಂದುಕೊಂಡೆ.

“ಹಂಗಾದ್ರ ಶಿವಲೀಲಾನೂ ಕೆಳಗ ಕುಂದರ್ಲಿ,” ಎಂದೆ.

“ಆಕಿ ಹೆಂಗ ಕುಂದರ್ತಾಳೋ? ದಿನಾ ಹತ್ತು ಮಂದಿ ಗಂಡಸರು ಬಂದು ಕುಂತಿರ್ತಾರ. ಮರ್ಯಾದಿ ಅಂತ ಒಂದೈತಿ. ಅದಕ್ಕಂತಽ ಮ್ಯಾಲ ಬ್ಯಾರೆ ಖೋಲಿ ಮಾಡಿಕೊಟ್ಟೀನಿ.”

“ಮ್ಯಾಲ ಒಂದು ಕೂಲರ್ ಹಾಕ್ರಿ.”

“ಒಬ್ಬಾಕಿ ಸಲುವಾಗಿ ಕೂಲರ್?” ಅವರು ನಿಜಕ್ಕೂ ನಗೆಚಾಟಿಕೆ ಎಂದೇ ತಿಳಿದರು.

ಎಂಟು ಕೋರ್ ಹುಲಿಗೇಶನ ಮೇಜಿಗೆ ಬಂತು. ಎರಡು ಮಶೀನಿನ ಕೆಲಸವನ್ನು ಒಂದೇ ಮಾಡುವಾಗ ಇಬ್ಬರ ಅಗತ್ಯವೇ ಉಳಿಯಲಿಲ್ಲ. ಹಂಗಾಮು ಮುಗಿಯುವವರೆಗೂ ಕಾಯದೆ ಅಮರೇಶಪ್ಪ ಶಿವಲೀಲಾಳನ್ನು ಕೆಲಸದಿಂದ ಬಿಡಿಸಿದರು. ಬಸ್ ನಿಲ್ದಾಣದಲ್ಲಿ ಶಿವಲೀಲಾ ಹೆಡ್‌ಫೋನನ್ನು ಊಟದ ಡಬ್ಬಿಗೆ ಸುತ್ತಿ ಹಿಡಿದು ನಿಂತಿದ್ದಳು. “ನೀವು ಗೆದ್ರಿ ಬಿಡ್ರಿ, ಅಣ್ಣಾ,” ಎಂದಳು. ಕುಟುಕಿದ್ದೋ ಸಮಾಧಾನ ಹೇಳಿದ್ದೋ ತಿಳಿಯಲಿಲ್ಲ. ಲಿಂಗಸುಗೂರಿನ ಸ್ಟುಡಿಯೋಗಳಲ್ಲಿ ಕೆಲಸ ಕೇಳಲು ಹೋದರೆ ಹುಲಿಗೇಶನ ಕುದುರೆಯ ಮಾತು ಅವಳಿಗಿಂತ ಮೊದಲೇ ಅಲ್ಲಿ ತಲುಪಿತ್ತು. ಈಗ ಸಿಂಧನೂರಿನ ಬಟ್ಟೆ ಅಂಗಡಿಯಲ್ಲಿ, ಗಿರಾಕಿಗಳು ಬಿಚ್ಚಿ ನೋಡಿ ಬಿಟ್ಟ ಸೀರೆಗಳನ್ನು ಮಡಚುತ್ತಾಳೆ. ವಿಡಿಯೋದ ಮಾತು ತೆಗೆದರೆ ಬೇರೆ ಕಡೆ ನೋಡುತ್ತಾಳೆ.

ಯಾವ ಪ್ರೊಸೆಸರ್ ಜೋರು ಎಂದು ಯಾರಾದರೂ ಕೇಳಿದರೆ ನಾನೀಗ ಎಲ್ಲಿ ಇಡುತ್ತೀರಿ ಎಂದು ಮೊದಲು ಕೇಳುತ್ತೇನೆ. ವೃತ್ತಿ ಕಲಿಸಿದ ಪಾಠ ಅದು. ಇನ್ನೊಂದನ್ನು ಯಾವ ಚರ್ಚಾವೇದಿಕೆಯೂ ನನಗೆ ಕಲಿಸಿರಲಿಲ್ಲ: ಸಾಕ್ಷಿ ಮುಂದಿಟ್ಟರೆ ಜನ ಒಪ್ಪುತ್ತಾರೆ; ಒಪ್ಪಿಕೊಂಡೂ ತಮ್ಮ ಮನಸ್ಸಿನಲ್ಲಿದ್ದದ್ದನ್ನೇ ಮಾಡುತ್ತಾರೆ.

ಮೊನ್ನೆ ಸರ್ವಿಸಿಗೆ ಹೋದಾಗ ಅಮರೇಶಪ್ಪ ಚಹಾ ತರಿಸಿದರು. “ನಿನ್ನ ಮಾತು ಕೇಳಿದ್ದು ಚಲೋ ಆತು, ತಮ್ಮಾ. ಮಶೀನ್ ತಣ್ಣಗ ಐತಿ,” ಎಂದರು.

ನಾನು ಚಹಾದ ಕಪ್ ಕೆಳಗಿಟ್ಟು ಕೇಳಿದೆ: “ಝಳಾ ತಾಳಂಗಿಲ್ಲಂತ ಮಶೀನ್ ಇಳಿಸಿದ್ರಿ. ಅದರ ಮುಂದ ಇಡೀ ದಿನಾ ಕುಂದರಾಕಿಗೆ ಝಳಾ ಆಕ್ಕೈತೇನು ಅಂತ ಒಂದಿನರ ಕೇಳಿದ್ರೇನ್ರೀ?”